ಹತ್ತಿರದಿಂದ ಬಂದ ಉತ್ತರ

ಅಕ್ಕ ಆ ರಾತ್ರಿ ನಡೆದುಕೊಂಡೇ ಮನೆಗೆ ಹೊರಟಳು. ಅಕ್ಕ ಎಂದರೆ ನನ್ನ ಸ್ವಂತ ದೊಡ್ಡಮ್ಮನ ಮಗಳು. ಯಾರೋ ಯಾರಿಗೋ ಹೇಳಿದ ಅಂತೆಕಂತೆ ಇದಲ್ಲ. ನಡುವೆ ಬಾಯಿ ಹಾಕದೆ ಕೇಳಿ.

ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಎರಡನೆಯ ಪಾಳಿ ಮುಗಿದ ಮೇಲೆ ಹೆಂಗಸರನ್ನು ಆಫೀಸಿನ ಜೀಪು ಮನೆಗೆ ಬಿಡುತ್ತಿತ್ತು. ಆ ರಾತ್ರಿ ಜೀಪು ಕೆಮ್ಮಿತು, ನಡುಗಿತು, ನಿಂತೇ ಹೋಯಿತು. ಉಳಿದವರು ಡ್ರೈವರನನ್ನು ಬೈಯುತ್ತಾ ಬೆಂಚಿನ ಮೇಲೆ ಕೂತರು. ಅಕ್ಕ ಕೂರಲಿಲ್ಲ. ಅವಳು ಮನೆ ಸೇರುವ ತನಕ, ಅತ್ತೆಯ ಜೊತೆಗಿದ್ದ ಮಗಳು ಕಣ್ಣು ಮುಚ್ಚುತ್ತಿರಲಿಲ್ಲ.

ಮಗಳನ್ನು ಎಲ್ಲರೂ ಪುಟ್ಟಿ ಎನ್ನುತ್ತಿದ್ದರು. ಹುಟ್ಟು ಮೂಗಿಯಲ್ಲ. ಅರಳು ಹುರಿದ ಹಾಗೆ ಮಾತಾಡುತ್ತಿದ್ದ ಹುಡುಗಿ. ಒಂದು ಜ್ವರ ಬಂತು. ಜ್ವರವೇನೋ ಬಿಟ್ಟಿತು, ಬಿಡುವಾಗ ಮಾತನ್ನೂ ಕಿತ್ತುಕೊಂಡು ಹೋಯಿತು. ಡಾಕ್ಟರುಗಳು ಗಂಟಲಿಗೆ ಟಾರ್ಚು ಹಿಡಿದು, ಎಲ್ಲ ಸರಿಯಾಗಿದೆ ಎಂದರು. ದಿನವೆಲ್ಲ ಊರವರ ಮಾತಿಗೆ ಮಾತು ಜೋಡಿಸುವ ಅಕ್ಕನಿಗೆ ಮನೆಯಲ್ಲಿ ಒಂದು "ಅಮ್ಮಾ"ಗೆ ಬರ. ದಿನಾ ಪಾಳಿಗೆ ಹೊರಡುವ ಮೊದಲು ಮೊಣಕಾಲೂರಿ ದೇವರಲ್ಲಿ ಅದೊಂದನ್ನೇ ಬೇಡುತ್ತಿದ್ದಳು. ಆ ಕಡೆಯಿಂದ ಉತ್ತರವಿಲ್ಲ.

ಅವತ್ತೇ ಪಕ್ಕದ ಸ್ವಿಚ್‌ಬೋರ್ಡಿನ ಗೆಳತಿ ಚುಚ್ಚಿದ್ದಳು. ಒಳ್ಳೆಯವಳೇ, ನಾಲಿಗೆ ಮಾತ್ರ ಒಂದು ಗೇಣು ಉದ್ದ.

"ಅಲ್ಲ ಕಣೇ, ಇಷ್ಟು ಕಾಲದಿಂದ ಬೆಲ್ ಹೊಡೀತಾನೇ ಇದೀಯ. ಯಾರೂ ಎತ್ತಲ್ಲ. ಆ ಮನೇಲಿ ಯಾರೂ ಇಲ್ಲ ಅಂತ ಯಾಕೆ ಅನ್ಕೋಬಾರ್ದು?"

ಅಕ್ಕ ಹೆಡ್‌ಫೋನು ಸರಿಮಾಡಿಕೊಂಡು ಮುಂದಿನ ಕರೆಗೆ ತಿರುಗಿದಳು. ಆ ಮಾತು ಮಾತ್ರ ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಉಳಿದುಕೊಂಡಿತು. ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ದಾರಿಯಲ್ಲಿ, ಮುಚ್ಚಿದ ಮರದ ಮಿಲ್ಲಿನ ಹಿಂದೆ, ಹಳೆಯ ಬಾವಿ. ಬೀದಿಗೆ ನಲ್ಲಿ ಬಂದ ಮೇಲೆ ಅಲ್ಲಿ ಯಾರೂ ನೀರು ಸೇದುತ್ತಿರಲಿಲ್ಲ. ಹಗ್ಗವಿಲ್ಲ, ಕೊಡವಿಲ್ಲ. ತುಕ್ಕು ಹಿಡಿದ ರಾಟೆ ಮಾತ್ರ ನೇತಾಡುತ್ತಿತ್ತು. ಗಾಳಿ ಇರಲಿಲ್ಲ. ಆದರೂ ರಾಟೆ... ಕಿರ್... ಎಂದಿತು. ನಿಂತಿತು. ಮತ್ತೆ... ಕಿರ್... ಯಾರೋ ಸಾವಕಾಶವಾಗಿ ನೀರು ಸೇದುವ ಹಾಗೆ.

ಅಕ್ಕ ತಲೆ ತಗ್ಗಿಸಿ ಬೀಸುಹೆಜ್ಜೆ ಹಾಕಿದಳು.

"ಅಮ್ಮಾ..."

ಪಿಸುದನಿ. ಬಾವಿಯೊಳಗಿಂದ.

ಅಂಥ ಹೊತ್ತಿನಲ್ಲಿ ಓಗೊಡಬಾರದು ಎಂದು ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಆಪರೇಟರಿನ ಬಾಯಿ ಹಾಗಲ್ಲ. ಕಿವಿಗೆ ಕರೆ ಬಿದ್ದರೆ ಬುದ್ಧಿಗಿಂತ ಮೊದಲು ನಾಲಿಗೆ ಏಳುತ್ತದೆ. ರೈಲ್ವೆ ಗಾರ್ಡಾಗಿದ್ದ, ಆ ರಾತ್ರಿ ಡ್ಯೂಟಿ ಮೇಲೆ ಊರ ಹೊರಗಿದ್ದ ಭಾವ, ತಾನು ಗೊರಕೆ ಹೊಡೆದರೂ ಇವಳು ನಿದ್ದೆಯಲ್ಲೇ ಉತ್ತರ ಕೊಡುತ್ತಾಳೆ ಎಂದು ನಗೆಯಾಡುತ್ತಿದ್ದರು. ಅಕ್ಕನ ಬಾಯಿಂದ ಬಂದೇ ಬಿಟ್ಟಿತು.

"ಹಲೋ, ಹೇಳಿ."

ರಾಟೆ ನಿಂತಿತು. ಓಗೊಟ್ಟಾಗಿತ್ತು. ಆಡಿದ ಮಾತನ್ನು ನುಂಗಲಾಗುತ್ತದೆಯೇ?

"ಅಮ್ಮಾ, ನಾನು."

ಪುಟ್ಟಿಯ ದನಿ. ಜ್ವರಕ್ಕೆ ಮುಂಚಿನ ದನಿ, ಕೊನೆಯಲ್ಲಿ ಸ್ವಲ್ಪ ಮೂಗಿನಿಂದ ಎಳೆಯುವ ಅದೇ ದನಿ. ಅಕ್ಕ ತಿರುಗಿ ಬಾವಿಯ ಹತ್ತಿರ ಬಂದಳು. ಕೊನೆಗೂ ಕೊಟ್ಟೆಯಾ ತಂದೆ, ಎನ್ನುತ್ತಾ ಬಾವಿಕಟ್ಟೆ ಹಿಡಿದುಕೊಂಡಳು. ಕಟ್ಟೆ ಒದ್ದೆಯಾಗಿತ್ತು... ಯಾರೂ ಸೇದದ ಬಾವಿಯ ಕಟ್ಟೆ. ಅಲ್ಲಿ ಅನುಮಾನ ಹುಟ್ಟಿತು.

"ಎಲ್ಲಿಂದ ಮಾತಾಡ್ತಿದ್ದೀಯ?" ಎಂದು ಕೇಳಿದಳು. ಅದೂ ಕಸುಬಿನ ಪ್ರಶ್ನೆಯೇ. ಎಲ್ಲಿಂದ ಎಂದು ಹೇಳದವರಿಗೆ ಲೈನು ಕೊಡುವಂತಿಲ್ಲ.

"ಇಲ್ಲೇ. ಹತ್ತಿರದಿಂದ."

"ಪುಟ್ಟಿ ಮನೇಲಿದಾಳೆ."

"ಅವಳು ಮನೇಲಿ. ಅವಳ ಮಾತು ನನ್ನ ಹತ್ರ. ನನ್ನ ಕರ್ಕೊಂಡು ಹೋಗು. ಅವಳ ಬಾಯಲ್ಲಿ ಕೂತು ಮಾತಾಡ್ತೀನಿ. ಹೂಂ ಅನ್ನು, ಸಾಕು."

ತೊಟ್... ತೊಟ್... ಕೆಳಗೆಲ್ಲೋ ನೀರು ಹನಿಯುತ್ತಿತ್ತು.

ಅಕ್ಕ ಪರೀಕ್ಷೆ ಮಾಡಿದಳು. ಪುಟ್ಟಿಯ ಬೊಂಬೆಯ ಹೆಸರೇನು, ದಿಂಬಿನ ಕೆಳಗೆ ಅವಳು ಬಚ್ಚಿಡುವುದೇನು, ಅಪ್ಪನ ಯಾವ ಕಡೆಯ ಮೀಸೆ ಎಳೆದರೆ ಅವಳಿಗೆ ನಗು ಬರುತ್ತಿತ್ತು... ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬರುತ್ತಿತ್ತು. ಒಂದೂ ತಪ್ಪಿಲ್ಲ. ಅದೇ ಅವಳಿಗೆ ಸರಿಬರಲಿಲ್ಲ. ಒಂದು ಕೇಳಿದರೆ ಮಗು ಇನ್ನೊಂದು ಹೇಳುತ್ತದೆ, ತಡವರಿಸುತ್ತದೆ, ನಡುವೆ ಕೆರೆದುಕೊಳ್ಳುತ್ತದೆ. ಇದು ಕಾದು ಕೂತಿತ್ತು.

"ಯಾರು ಕಳಿಸಿದ್ರು ನಿನ್ನ?"

"ದಿನಾ ಕರೀತಿದ್ದೆಯಲ್ಲ... ಅವನು ಎತ್ತಲಿಲ್ಲ. ನಾನು ಎತ್ತಿದೆ."

ಹೂಂ ಎನ್ನುವುದು ತುಟಿಯವರೆಗೆ ಬಂದಿತ್ತು ಎಂದು ಅಕ್ಕ ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ಹೆತ್ತ ಕರುಳು. ಮನೆಗೆ ಹೋಗಿ ಬಾಗಿಲು ತಟ್ಟಿದರೆ ಒಳಗಿಂದ ಮಗು ಅಮ್ಮಾ ಎನ್ನುತ್ತದೆ. ಇನ್ನೇನು ಬೇಕು? ಅವಳನ್ನು ತಡೆದದ್ದು ಅವಳ ಬೋರ್ಡು.

ಆ ಕಾಲದಲ್ಲಿ ದೂರದ ಊರಿಗೆ ಮಾತಾಡಬೇಕಾದರೆ ಎಕ್ಸ್‌ಚೇಂಜಿಗೆ ಹೇಳಿ ಕರೆ ಬುಕ್ ಮಾಡಬೇಕಿತ್ತು. ಆಮೇಲೆ ಕಾಯಬೇಕು. ಪಕ್ಕದ ಬೀದಿಯವನು ತಟ್ಟನೆ ಸಿಗುತ್ತಾನೆ, ದೂರದವನು ಸಿಗಲು ಹೊತ್ತು ಹಿಡಿಯುತ್ತದೆ. ಕಾಯುವವರು ಬೇಸತ್ತು ಹತ್ತಿರದವರೊಡನೆ ಹರಟುತ್ತಾ ಕೂತರೆ, ದೂರದ ಕರೆ ಬಂದು, ಲೈನು ಎಂಗೇಜು ಎಂದು ವಾಪಸು ಹೋಗುತ್ತದೆ. ಹಾಗೆ ಕಳೆದುಕೊಂಡವರು ಅಕ್ಕನ ಮೇಲೆ ರೇಗುತ್ತಿದ್ದರು. ನಾವೆಷ್ಟು ಕಾದೆವು, ನಿಮ್ಮ ಕಡೆಯವರೇ ಕೊಡಲಿಲ್ಲ ಎಂದು.

ಅಕ್ಕ ಕಟ್ಟೆಯಿಂದ ಕೈ ತೆಗೆದಳು. ಸೆರಗಿಗೆ ಒರೆಸಿಕೊಂಡಳು.

"ನಂದು ದೂರದ ಕರೆ," ಎಂದಳು ಮೆಲ್ಲಗೆ. "ಬುಕ್ ಮಾಡಿದೀನಿ. ಕಾಯ್ತೀನಿ. ನೀನು ಲೈನ್ ಬಿಡು."

"ಅವನು ಉತ್ತರ ಕೊಡದೇ ಹೋದ್ರೆ?" ಈಗ ಅದು ಪುಟ್ಟಿಯ ದನಿಯಾಗಿರಲಿಲ್ಲ. ಯಾರ ದನಿಯೂ ಆಗಿರಲಿಲ್ಲ.

"ಕೊಡದೇ ಹೋದ್ರೂ ಅವನ ಮೌನ ನಂಗೆ ಪರಿಚಯ. ನಿನ್ನ ಮಾತು ಪರಿಚಯ ಇಲ್ಲ."

ಗುಳುಂ... ಭಾರವಾದದ್ದೇನೋ ಮುಳುಗಿದ ಸದ್ದು. ಆಮೇಲೆ ಏನೂ ಇಲ್ಲ. ಹನಿಯೂ ನಿಂತಿತು. ಆಗ ಅವಳಿಗೆ ಇನ್ನೊಂದು ಭಯ ಹೊಕ್ಕಿತು. ಇಲ್ಲಿಂದ ಹೋಯಿತು, ಸರಿ... ಎಲ್ಲಿಗೆ?

ಓಡಿದಳು. ಸೀರೆ ಕಾಲಿಗೆ ತೊಡರಿತು, ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು. ಒಂದೇ ಬಾಗಿಲಿನ ಮನೆ. ತಟ್ಟಿದಳು.

"ಮತ್ತೆ ಬಂದ್ಯಾ?" ಒಳಗಿಂದ ಅತ್ತೆಯ ಪಿಸುಮಾತು.

"ಅತ್ತೆ, ನಾನು."

"ಆಗ್ಲೂ ಹಾಗೇ ಅಂದೆ."

ಎಷ್ಟು ಹೇಳಿದರೂ ಅತ್ತೆ ಜಗ್ಗಲಿಲ್ಲ. ಅವರಂಥ ಅನುಮಾನದ ಮುದುಕಿ ಬೇರೆ ಇಲ್ಲ. ಹಾಲಿನವನು ಬಂದರೂ ಮುಖ ತೋರಿಸು ಎನ್ನುವವರು. ಕಿಟಕಿಗೆ ಬಾ ಎಂದರು. ಲಾಟೀನು ಎತ್ತಿ ಮುಖಕ್ಕೆ ಹಿಡಿದರು. ಸರಳಿನ ಒಳಗೆ ಕೈ ಹಾಕು ಎಂದರು. ಅಕ್ಕ ಹಾಕಿದಳು. ಅತ್ತೆ ಮುಟ್ಟಲಿಲ್ಲ. ಅವರ ಬೆನ್ನ ಹಿಂದಿನಿಂದ ಪುಟ್ಟಿ ನುಗ್ಗಿ ಬಂದು ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಅತ್ತೆ ಬಾಯಿ ಬಿಟ್ಟರು.

ಸ್ವಲ್ಪ ಹೊತ್ತಿಗೆ ಮುಂಚೆ ಬಾಗಿಲು ತಟ್ಟಿತಂತೆ. ಸೊಸೆಯದೇ ದನಿ. ಅತ್ತೆ, ಬಾಗಿಲು ತೆಗೀರಿ, ಪುಟ್ಟಿನ ಕೊಡಿ ಎಂದಿತಂತೆ. ಪುಟ್ಟಿ ಎರಡೂ ಕಿವಿಗೆ ಬೆರಳು ತುರುಕಿಕೊಂಡು ಮೂಲೆ ಸೇರಿದಳಂತೆ. ಅತ್ತೆ ಬೈದುಕೊಳ್ಳುತ್ತಾ ಎದ್ದು ಬಂದರೆ, ಬಾಗಿಲಿಗೆ ಅಡ್ಡಲಾಗಿ ಕಬ್ಬಿಣದ ಬೀರು ನಿಂತಿದೆ. ದೀಪ ಹಚ್ಚುವ ಹೊತ್ತಿಗೆ ಅದು ಅಡುಗೆಮನೆಯ ಪಕ್ಕದ ಮೂಲೆಯಲ್ಲಿತ್ತು. ತಳ್ಳಿದರು, ಒಂದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಹೊರಗಿನ ದನಿ ಬೇಗ... ಬೇಗ... ಎನ್ನತೊಡಗಿತು. ಆಗಲೇ ಅವರಿಗೆ ಸಂಶಯ ಬಂದದ್ದು. ಅಕ್ಕ ಮಾತೆತ್ತಿದರೆ ಬೇಗ ಎನ್ನುವ ಹೆಂಗಸಲ್ಲ.

ಬೀರು ಜರುಗಲಿಲ್ಲ. ಬೆಳಗಾಗುವ ತನಕ ಅಕ್ಕ ಹೊರಗೆ, ಪುಟ್ಟಿ ಒಳಗೆ, ನಡುವೆ ಸರಳು. ಹಿಡಿದ ಕೈ ಇಬ್ಬರೂ ಬಿಡಲಿಲ್ಲ. ಅಕ್ಕ ಅದೇ ಪ್ರಾರ್ಥನೆಯನ್ನು ಅದೇ ಮಾತಿನಲ್ಲಿ ಹೇಳಿದಳು. ಆ ರಾತ್ರಿಯೂ ಉತ್ತರ ಬರಲಿಲ್ಲ. ಪುಟ್ಟಿ ಇವತ್ತಿಗೂ ಮಾತಾಡಿಲ್ಲ. ಅಕ್ಕ ಇವತ್ತಿಗೂ ಕೇಳುವುದನ್ನು ಬಿಟ್ಟಿಲ್ಲ.

ಬೆಳಿಗ್ಗೆ ಪಕ್ಕದ ಮನೆಯ ಮೆಕ್ಯಾನಿಕ್ಕು ತನ್ನ ಜನರನ್ನು ಕರೆತಂದ. ಅತ್ತೆ ಬೀರುವಿನ ಹಿಂದಿನ ಸಂದಿಯಲ್ಲಿ ಕೈ ತೂರಿಸಿ ಚಿಲಕ ಸರಿಸಿದರು, ಗಂಡಸರು ಹೊರಗಿನಿಂದ ಹೆಗಲು ಕೊಟ್ಟರು. ಕರ್ರ್ ಎಂದು ಬೀರು ಒಂದಿಷ್ಟು ಸರಿಯುವುದರೊಳಗೆ ಅರ್ಧ ಬೀದಿ ಎದ್ದು ಬಂತು. ನೆಲದ ಕೆಂಪು ಸಿಮೆಂಟು ಬಿಳಿಯಾಗಿ ಕಿತ್ತುಬಂತು. ಆ ಗೀರು ಬಾಗಿಲ ಹತ್ತಿರ ಇನ್ನೂ ಇದೆ. ರಾತ್ರಿ ಬೀರು ಬಂದ ದಾರಿಯಲ್ಲಿ, ಮೂಲೆಯಿಂದ ಬಾಗಿಲವರೆಗಿನ ನೆಲದಲ್ಲಿ, ಒಂದೇ ಒಂದು ಗೀರಿಲ್ಲ. ನಂಬುವವರು ನಂಬಿ, ಬಿಡುವವರು ಬಿಡಿ. ನಾನು ಚಾಪೆ ಎತ್ತಿ, ಬಗ್ಗಿ, ಬೆರಳಾಡಿಸಿ ನೋಡಿದ್ದೇನೆ. ನೆಲ ಕನ್ನಡಿಯ ಹಾಗಿದೆ.