ತಾನಾಗಿ ಆರಿದ ಪರದೆ

...ಅಲ್ಲ ಕಣೇ, ಗಿಳಿ ನೋಡಬೇಡ. ಗಿಳಿಯ ಹಿಂದಿನ ಎಲೆ ನೋಡು. ಎಲೆಯ ನರ ಕಂಡರೆ ಅಕ್ಷರವೂ ಕಾಣುತ್ತೆ. ಅಂಗಡಿಯ ಗೋಡೆ ತುಂಬ ಹದಿನಾಲ್ಕು ಮಾನಿಟರು ನೇತುಹಾಕಿ, ಹದಿನಾಲ್ಕರಲ್ಲೂ ಅದೇ ಒಂದು ಗಿಳಿಯನ್ನ ಕೂರಿಸಿದ್ದಾರೆ, ಪುಣ್ಯಾತ್ಮರು! ಈ ಮೂಲೆಯ ಗಿಳಿಗೆ ಕಾಮಾಲೆ. ಆ ಮೇಲಿನದು ಮಂಕು ಬಡಿದ ಹಾಗಿದೆ. ಇದು... ಈ ಮಧ್ಯದ್ದು ನೋಡು, ಎಷ್ಟು ಲಕ್ಷಣವಾಗಿದೆ! ಇದನ್ನೇ ತಗೊಂಡುಬಿಡೋಣ. ಈಗಲೇ. ರಸೀದಿ ಬರೆಸಿಬಿಡಲಾ?

ಕಾಯೋಣ ಅಂತೀಯಾ? ಯಾಕೆ ಕಾಯಬೇಕು? ನಮ್ಮ ಹಳೆಯದನ್ನ ಒಳಗೆ ಹೊತ್ತುಕೊಂಡು ಹೋದ ರಿಪೇರಿಯವನು ಹತ್ತು ನಿಮಿಷ ಅಂದ. ಅವನ ಹತ್ತು ನಿಮಿಷ ಎಷ್ಟು ಉದ್ದವೋ ಯಾರು ಬಲ್ಲರು. ಗೊತ್ತು ಮಾರಾಯ್ತಿ, ಗೊತ್ತು. ವಾರಂಟಿ ಇನ್ನೂ ಒಂದು ತಿಂಗಳಿದೆ, ತಾನಾಗಿ ಕೆಟ್ಟಿದ್ದರೆ ಕಂಪನಿಯವರೇ ಹೊಸದು ಕೊಡ್ತಾರೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನೀನು ಅದನ್ನೇ ಹೇಳಿದೆ. ಆದರೆ ಬಿಟ್ಟಿ ಸಿಗುತ್ತೆ ಅಂತ ಕೈ ಚಾಚೋದು ನನಗೆ ಒಗ್ಗೋದಿಲ್ಲ...

ಯಾಕೆ ನಗ್ತೀಯ? ತರಕಾರಿಯವಳ ಮುಂದೆ ನಾನು ನಾಲ್ಕು ಎಳೆ ಬಿಟ್ಟಿ ಸೊಪ್ಪಿಗೆ ಅರ್ಧ ಗಂಟೆ ನಿಂತಿದ್ದು ಬೇರೆ ವಿಷಯ. ಅದು ಸೊಪ್ಪು. ಇದು ಕಂಪನಿ.

ನನಗೆ ಜನರ ಚಿಂತೆ ಕಣೇ. ನಾಲ್ಕು ದಿನದಿಂದ ನಮ್ಮ ಮುಂದಿನ ಕೋಣೆಯಲ್ಲಿ ಕಾಗದ ಹಿಡಿದು ಕೂತಿದ್ದಾರೆ. ಒಬ್ಬರದು ಪಿಂಚಣಿಯ ಅರ್ಜಿ, ಒಬ್ಬರದು ನಲ್ಲಿ ನೀರಿನ ಅರ್ಜಿ. ಅರ್ಜಿ ಟೈಪು ಮಾಡೋನ ಮನೆಯಲ್ಲೇ ಪರದೆ ಕತ್ತಲಾದರೆ ಅವರು ಎಲ್ಲಿಗೆ ಹೋಗಬೇಕು?

ಹೇಗೆ ಕೆಟ್ಟಿತು ಅಂತ ಮತ್ತೆ ಕೇಳ್ತೀಯಲ್ಲ! ಹೇಳಿದೆನಲ್ಲ. ನೀನು ಅಂಗಿಯ ಗುಂಡಿ ತರೋದಕ್ಕೆ ಪೇಟೆಗೆ ಹೋಗಿದ್ದೆ. ನಾನು ಪ್ರಾರ್ಥನೆ ಸಭೆಯ ಪ್ರವಚನ ಟೈಪು ಮಾಡ್ತಾ ಕೂತಿದ್ದೆ. ಪರದೆ ಆರಿತು. ಅಷ್ಟೇ. ಆರಲಿಲ್ಲ ಅಂತ ಯಾರಾದರೂ ಹೇಳಲಿ ನೋಡೋಣ! ಸುಳ್ಳು ನನ್ನ ಬಾಯಲ್ಲಿ ಬಂದದ್ದಿಲ್ಲ. ಊರ ಶಾಲೆಯಲ್ಲಿ ಮೇಷ್ಟ್ರ ಕುರ್ಚಿಯ ಕಾಲು ಮುರಿದಿತ್ತು. ‘ಯಾರೋ ಇದು?’ ಅಂತ ಅವರು ಕೇಳಿದ್ದೇ ತಡ, ಇಡೀ ತರಗತಿಯಲ್ಲಿ ಎದ್ದು ನಿಂತವನು ನಾನೊಬ್ಬ!

...ಹೌದು, ಪಕ್ಕದವನನ್ನ ತೋರಿಸೋದಕ್ಕೇ ಎದ್ದು ನಿಂತದ್ದು. ಅದನ್ನೂ ನಿನಗೆ ಹೇಳಿಬಿಟ್ಟಿದ್ದೆನಾ? ಇರಲಿ. ನಿಜವನ್ನೇ ತಾನೇ ಹೇಳಿದ್ದು?

ಇಲ್ಲಿ, ಇದರ ಮೈ ಮುಟ್ಟಿ ನೋಡು. ಮೆಲ್ಲಗೆ! ಮುಂದೆ ಗಾಜೇ ಇಲ್ಲ, ಬಾಳುವ ವಸ್ತುವಾ ಇದು? ಹಿಂದೆ ಬೆನ್ನ ಮೇಲೆ ಗುಡ್ಡ ಹೊತ್ತ ಮಾನಿಟರು ಬರ್ತಿತ್ತು. ಅದು ಮಾನಿಟರು! ಎಷ್ಟು ಹೊಡೆದರೂ...

ಹೊಡೆದರೂ ಅಂದೆನಾ? ಒರೆಸಿದರೂ ಅನ್ನಬೇಕಿತ್ತು. ಎಷ್ಟು ಒರೆಸಿದರೂ ಏನೂ ಆಗ್ತಿರಲಿಲ್ಲ. ಹಾಗೆ ನೋಡಬೇಡ ನನ್ನ. ಗಿಳಿ ನೋಡು.

ಅದು ಬೇಡ, ಅದು ಹೊಳೆಯುತ್ತೆ. ಹೊಳಪು ಕಂಡರೆ ಏನೇನೋ ಬಂದು ಕೂರುತ್ತೆ. ಓಡಿಸಿದರೆ ಹೋಗುತ್ತೆ, ಮತ್ತೆ ಬಂದು ಅಲ್ಲೇ ಕೂರುತ್ತೆ, ಅದೇ ಸಾಲಿನ ಮೇಲೆ, ನಮ್ಮನ್ನ ಅಣಕಿಸೋ ಹಾಗೆ ಕೈ ಉಜ್ಜುತ್ತೆ... ಏನು ಅಂತ ಕೇಳ್ತೀಯಾ? ಧೂಳು. ಧೂಳು ಕಣೇ.

ಬಾಗಿಲಾಚೆ ಏನು ನೋಡ್ತಿದ್ದೀಯ? ಓಹೋ, ಎದುರು ಅಂಗಡಿಯ ಸೊಳ್ಳೆ ಬ್ಯಾಟಾ? ಬೇಡ ಅಂದರೆ ಬೇಡ. ಇಪ್ಪತ್ತೆರಡು ವರ್ಷವಾಯಿತು, ನಮ್ಮ ಮನೆಯಲ್ಲಿ ಒಂದು ಜೀವಕ್ಕೂ ಏಟು ಬಿದ್ದಿಲ್ಲ. ಜಿರಳೆಯನ್ನ ಕಾಗದದ ಮೇಲೆ ಹತ್ತಿಸಿಕೊಂಡು ರಸ್ತೆ ದಾಟಿಸಿ ಬಂದವನು ನಾನು. ಮರುದಿನ ಅದೇ ಜಿರಳೆ ವಾಪಸು ಬಂತು ಅಂತೀಯ. ಬರಲಿ! ಮತ್ತೆ ದಾಟಿಸೋಣ. ಹೊಲಿಗೆ ಮೆಷಿನ್ನಿನ ಮುಂದೆ ಸೊಳ್ಳೆ ಕಡಿದರೆ ಕಾಲು ಅಲ್ಲಾಡಿಸು, ಹೊಡೀಬೇಡ ಅಂದೆ. ನೀನೂ ಪಾಪ, ಇಷ್ಟು ವರ್ಷ ಕಾಲು ಅಲ್ಲಾಡಿಸಿಕೊಂಡೇ ಹೊಲಿದೆ. ಸಭೆಯಲ್ಲಿ ಅದನ್ನೇ ಹೇಳಬೇಕು ಅಂತ ಬರೀತಿದ್ದೆ. ಸಕಲ ಜೀವಿಗಳಲ್ಲಿ ದಯೆ ಅನ್ನೋದೇ ವಿಷಯ. ಎರಡನೇ ಪುಟಕ್ಕೆ ಬಂದಿದ್ದೆ, ಅಷ್ಟರಲ್ಲಿ... ಅಷ್ಟರಲ್ಲಿ ಪರದೆ ಆರಿತು.

ಹೊಲಿಗೆ ಅಂದಕೂಡಲೇ ಮುಖ ಸಣ್ಣದು ಮಾಡಿಕೊಂಡೆಯಲ್ಲ. ಮತ್ತೆ ಆ ಮರದ ಅಳತೆಪಟ್ಟಿಯ ಯೋಚನೆಯಾ? ಬಿಡು ಅದನ್ನ. ನಿಮ್ಮಮ್ಮ ಕೈಯಾರೆ ಕೊಟ್ಟದ್ದು, ಸರಿ. ತುದಿಗೆ ಹಿತ್ತಾಳೆಯ ಟೋಪಿ ಇದ್ದದ್ದು, ಈಗ ಅಂಥದ್ದು ಸಿಗೋದಿಲ್ಲ, ಅದೂ ಸರಿ. ನಿನ್ನ ತಂಗಿಗೂ ಅದರ ಮೇಲೆ ಕಣ್ಣಿತ್ತು. ಅವಳು ಬಂದುಹೋದ ದಿನವೇ ಅದು ಕಾಣದಾಯಿತು. ಹೌದು, ಆ ದಿನವೇ... ಆದರೂ ಒಡಹುಟ್ಟಿದವಳ ಜೊತೆ ನಾಲ್ಕು ದಿನದಿಂದ ಮಾತು ಬಿಡೋದಾ? ‘ನಾನು ಮುಟ್ಟಿಲ್ಲ ಅಕ್ಕ’ ಅಂತ ಫೋನಿನಲ್ಲಿ ಅತ್ತಳಲ್ಲ, ನನಗೂ ಕೇಳಿಸಿತು. ಕ್ಷಮಿಸಿಬಿಡು ಅವಳನ್ನ. ದೊಡ್ಡವಳು ನೀನು.

ಅವಳೇ ತಗೊಂಡಳು ಅಂತ ನಾನೆಲ್ಲಿ ಅಂದೆ? ತಗೊಂಡಿದ್ದರೂ ಕ್ಷಮಿಸು ಅಂದೆ. ನನ್ನ ಮಾತನ್ನ ತುಂಡು ತುಂಡಾಗಿ ಕಿತ್ತು ಕೇಳಬೇಡ.

ಬಸ್ಸಿನಲ್ಲಿ ಮಾನಿಟರಿನ ಒಳಗೆ ಏನೋ ಕಿಣಿಕಿಣಿ ಅಂದದ್ದಾ? ಯಾವುದೋ ಸ್ಕ್ರೂ ಸಡಿಲ ಆಗಿರಬೇಕು. ಹೊರಗೆ ಅಲ್ಲ, ಒಳಗೆ. ತೀರಾ ಒಳಗೆ. ಅದಕ್ಕೇ ತಾನೇ ನಾನು ದುಪ್ಪಟಿ ಸುತ್ತಿ ಗಂಟು ಹಾಕಿದ್ದು...

ಅಯ್ಯೋ, ರಿಪೇರಿಯವನು ಬಂದೇಬಿಟ್ಟ. ಗಂಟನ್ನ ಹಾಗೇ ಹೊತ್ತು ತರ್ತಿದ್ದಾನೆ! ಏನಂತೆ? ಏಳು ಗಂಟೂ ಬಿಚ್ಚೋದಕ್ಕೆ ಆಗಲಿಲ್ಲವಂತೆ? ಕತ್ತರಿ ಬೇಕಂತೆ? ನೋಡಿದೆಯಾ, ಹೇಳಿದೆನಲ್ಲ, ಇದೆಲ್ಲ ಆಗೋ ಕೆಲಸವಲ್ಲ. ಹಾಗೇ ವಾಪಸು ಹೊತ್ತುಕೊಂಡು... ನೀನು ಚೀಲದಲ್ಲಿ ಏನು ಹುಡುಕ್ತೀಯ? ಬಟ್ಟೆ ಕತ್ತರಿ! ಬೇರೆ ಏನಕ್ಕೂ ತಾಗಿಸಬಾರದು, ಬಾಯಿ ಮೊಂಡಾಗುತ್ತೆ ಅಂತ ನನಗೇ ಬೈದಿದ್ದೆಯಲ್ಲ! ಕೊಡಬೇಡ... ಕೊಟ್ಟೆಯಾ.

ಇರಲಿ, ಇರಲಿ, ಅವನು ಬಿಚ್ಚುವಷ್ಟರಲ್ಲಿ ನಾವು ಈ ಬಾಗಿದ ಮಾನಿಟರು ನೋಡೋಣ ಬಾ, ಇತ್ತ ಬಾ...

ಗಂಟಿನಿಂದ ಏನೋ ಬಿತ್ತು. ಸ್ಕ್ರೂ. ಸ್ಕ್ರೂ ಅಂದೆನಲ್ಲ. ನೀನು ಬಗ್ಗಬೇಡ, ಸೊಂಟ ನೋವು ನಿನಗೆ, ನಾನು ತೆಗೀತೀನಿ, ನಾನು...

ಸಿಕ್ಕಿತಾ.

ಹ್ಞೂಂ. ಹಿತ್ತಾಳೆ.

...ಏನಾದರೂ ಅನ್ನು. ಪರದೆಯ ಆ ಬಿರುಕನ್ನೇ ಎಷ್ಟು ಹೊತ್ತು ನೋಡ್ತೀಯ? ನೇರವಾಗಿದೆ, ಹೌದು. ಪಟ್ಟಿ ಇಟ್ಟು ಗೆರೆ ಎಳೆದ ಹಾಗೇ ಇದೆ. ನಾನೇನು ಇಲ್ಲ ಅಂತೀನಾ? ಬೈಯಬಾರದಾ? ನೀನು ಬೈದರೆ ಎರಡು ಮಾತು ತಿರುಗಿ ಹೇಳಬಹುದು. ಹೀಗೆ ಸುಮ್ಮನೆ ನಿಂತರೆ ನಾನು ಏನು ಮಾಡಲಿ?

ಒಂದು ನೊಣ ಕಣೇ. ಒಂದೇ ಒಂದು. ದಯೆ ಅಂತ ಟೈಪು ಮಾಡಿದೆ, ಆ ಸಾಲಿನ ಮೇಲೇ ಬಂದು ಕೂತಿತು. ಊದಿದೆ. ಹೋಯಿತು, ಬಂತು. ಕೈ ಬೀಸಿದೆ. ಹೋಯಿತು, ಬಂತು. ‘ಹೋಗಪ್ಪಾ’ ಅಂತ ಮರ್ಯಾದೆಯಿಂದ ಕೇಳಿಕೊಂಡೆ. ದೇವರ ನಾಮ ಹೇಳಿ ಕಣ್ಣು ಮುಚ್ಚಿ ಕೂತೆ. ಕಣ್ಣು ಬಿಟ್ಟರೆ ನನ್ನ ಮೂಗಿನ ಮೇಲೆ! ಮೂಗಿನಿಂದ ಮತ್ತೆ ಪರದೆಗೆ. ನಿನ್ನ ಪಟ್ಟಿ ಪಕ್ಕದಲ್ಲೇ ಇತ್ತು. ಕೈಗೆ ಹೇಗೆ ಬಂತೋ... ಬಂತು.

ಆದರೆ ಒಂದು ಮಾತು ಕೇಳು. ಪರದೆ ಹೋಯಿತು, ಪಟ್ಟಿ ಎರಡು ತುಂಡಾಯಿತು, ನೊಣ ಬದುಕಿತು! ಎದುರು ಗೋಡೆಗೆ ಹೋಗಿ ಕೂತಿತು. ಅಂದರೆ ಹಿಂಸೆ ಆಗಲಿಲ್ಲ. ಇಪ್ಪತ್ತೆರಡು ವರ್ಷದ ವ್ರತ ಹಾಗೇ ಇದೆ. ಇದೆ ತಾನೇ? ಇದೆ ಅನ್ನು.

...ಅನ್ನೋದಿಲ್ಲವಾ.

ಹೋಗಲಿ. ಅನ್ನಬೇಡ. ಅದು ಗೋಡೆಯ ಮೇಲೆ ಬದುಕಿ ಕೂತಿದ್ದನ್ನ ನೋಡಿ ನನಗೆ ಸಮಾಧಾನ ಆಗಲಿಲ್ಲ ಕಣೇ. ಹೊಟ್ಟೆ ಉರಿಯಿತು. ಅರ್ಧ ಪಟ್ಟಿ ಹಿಡಿದುಕೊಂಡು ಅಡುಗೆಮನೆಯವರೆಗೂ ಅಟ್ಟಿಸಿಕೊಂಡು ಹೋದೆ. ಸಿಕ್ಕಿದ್ದರೆ ಬಿಡ್ತಿರಲಿಲ್ಲ. ತುಂಡುಗಳನ್ನ ಅಟ್ಟದ ಮೇಲೆ ಹಳೇ ಚಾಪೆಯೊಳಗೆ ಇಟ್ಟಿದ್ದೀನಿ. ಈ ಟೋಪಿ ಒಂದು ಸಿಕ್ಕಿರಲಿಲ್ಲ, ಮಾನಿಟರಿನ ಸಂದಿಗೆ ಹಾರಿತ್ತೇನೋ. ಮೂರು ಸಲ ಗುಡಿಸಿದೆ. ‘ಏನಿದು, ನೀವೇ ಕಸ ಗುಡಿಸ್ತೀರಿ!’ ಅಂತ ನೀನು ಮೆಚ್ಚಿಕೊಂಡೆಯಲ್ಲ... ಆಗಲೇ ಹೇಳಬೇಕಿತ್ತು.

ಫೋನು ಯಾಕೆ ನನ್ನ ಕೈಗೆ? ಯಾರಿಗೆ ಮಾಡಿದ್ದೀಯ? ತಂಗಿಗಾ? ಬೇಡ... ರಿಂಗ್ ಆಗ್ತಿದೆ... ಮನೆಗೆ ಹೋದ ಮೇಲೆ ನಿಧಾನವಾಗಿ...

ಹಲೋ. ಹ್ಞಾಂ, ನಾನಮ್ಮ, ನಿನ್ನ ಭಾವ. ಊಟ ಆಯಿತಾ? ...ಹ್ಞೂಂ, ಅಕ್ಕ ಇಲ್ಲೇ ಇದ್ದಾಳೆ, ಪಕ್ಕದಲ್ಲೇ ನಿಂತಿದ್ದಾಳೆ, ನೋಡ್ತಾ. ಏನಿಲ್ಲಮ್ಮ, ಆ ಅಳತೆಪಟ್ಟಿ ಸಿಕ್ಕಿತು ಅಂತ ಹೇಳೋಣ ಅಂತ. ಎಲ್ಲಿ ಅಂದರೆ... ಅಟ್ಟದ ಮೇಲೆ. ಅದು ತಾನಾಗಿ ಅಲ್ಲಿಗೆ...

ಇಲ್ಲಮ್ಮ. ತಾನಾಗಿ ಹೋಗಲಿಲ್ಲ. ನಾನು ಮುರಿದೆ. ನಾನೇ ಬಚ್ಚಿಟ್ಟೆ. ನೀನು ಅತ್ತಾಗ ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡೆ.

ಹಲೋ? ...ಹಲೋ? ಯಾಕಮ್ಮ, ನೀನೂ ಸುಮ್ಮನಾಗಿಬಿಟ್ಟೆ?