ಹಿಟ್ಟಿನ ಡಬ್ಬಿಯ ಕೆಳಗಿನ ಚೀಟಿ

ಸಭಾಪಾಲಕರೇ, ಮಲ್ಕಮ್ಮಕ್ಕನ ಮನೆಯವರಾದ ಧರ್ಮಣ್ಣನವರೇ, ಅವರ ಮಗಳು ಭಾಗ್ಯಜ್ಯೋತಿ, ಮಟಕಿ ಊರಿನ ಹಿರಿಯರೇ, ಸ್ತ್ರೀ ಸಮಾಜದ ನನ್ನ ಅಕ್ಕತಂಗಿಯರೇ — ಕರ್ತನ ನಾಮದಲ್ಲಿ ನಿಮಗೆಲ್ಲ ಹೀರಾಬಾಯಿಯ ವಂದನೆ.

ಇವತ್ತು ಶುಕ್ರವಾರ, ನಮ್ಮ ಉಪವಾಸದ ದಿನ. ಬೆಳಿಗ್ಗೆ ಎದ್ದು ಎಮ್ಮೆ ಹಿಂಡಿದೆ, ಅಂಗಳ ಗುಡಿಸಿದೆ, ಮೊಮ್ಮಕ್ಕಳಿಗೆ ರೊಟ್ಟಿ ಬಡಿಯಲು ಹೋದೆ. ಹಿಟ್ಟು ತೆಗೆಯಲು ಡಬ್ಬಿ ಎತ್ತಿದವಳು ಅಲ್ಲೇ ನಿಂತುಬಿಟ್ಟೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮಲ್ಕಮ್ಮಕ್ಕ ಮತ್ತು ನಾನು ಹದಿನಾಲ್ಕು ವರ್ಷ ಈ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿದೆವು. ನಮ್ಮ ಜೊತೆ ಹಮೀದಾಬೇಗಂ ಅಕ್ಕ — ಅಲ್ಲಿ ಬಾಗಿಲ ಹತ್ತಿರ ಕೂತಿದ್ದಾರೆ ನೋಡಿ. ಅನ್ನಕ್ಕೆ ಎಸರು ಎಷ್ಟು ಅಂತ ನನಗೆ ಕಲಿಸಿದ್ದು ಮಲ್ಕಮ್ಮಕ್ಕ. ಕೈ ಸುಟ್ಟುಕೊಂಡಾಗ ಬೈಯುತ್ತಲೇ ಎಣ್ಣೆ ಹಚ್ಚಿದ್ದೂ ಅವರೇ.

ಆದರೆ ಕಳೆದ ಒಂದು ವರ್ಷ ನಾನು ಅವರೊಂದಿಗೆ ಮಾತು ಬಿಟ್ಟಿದ್ದೆ. ನಿಮಗೆಲ್ಲ ಗೊತ್ತಿರುವುದೇ. ಮುಚ್ಚಿಟ್ಟು ಏನು ಮಾಡಲಿ?

ಹೋದ ವರ್ಷ ಜನವರಿಯ ಮೊದಲ ಪ್ರಾರ್ಥನಾ ಕೂಟ. ನಾನು ಪ್ರಾರ್ಥನೆ ಮಾಡುತ್ತಿದ್ದೆ. ಉದ್ದ ಆಗಿತ್ತು, ಒಪ್ಪುತ್ತೇನೆ. ನಡುವೆ ಮಲ್ಕಮ್ಮಕ್ಕನ ದನಿ ಬಂತು: "ಹೀರಾ, ದೇವ್ರಿಗಿ ಕಿವಿ ಚಂದ ಕೇಳಸ್ತಾವ ಬೇ. ಆಮೆನ್ ಅನ್ನು, ರೊಟ್ಟಿ ಆರಾಕತ್ತಾವ!"

ಎಲ್ಲರೂ ನಕ್ಕಿರಿ. ಈಗಲೂ ನಗುತ್ತಿದ್ದೀರಿ — ನಗಿ, ತಪ್ಪಿಲ್ಲ. ಅವತ್ತು ನನಗೆ ಮಾತ್ರ ಬೆಂಕಿ ಇಟ್ಟ ಹಾಗಾಯಿತು. ಓದು ಬರಹ ನನಗೆ ಅಷ್ಟಕ್ಕಷ್ಟೇ. ಪ್ರಾರ್ಥನೆಯೊಂದೇ ನನಗೆ ಬರುತ್ತದೆ ಎಂಬ ಗರ್ವ ಇತ್ತು. ಅದಕ್ಕೇ ಪೆಟ್ಟು ಬಿತ್ತು.

ಒಂದೇ ಒಲೆ, ಮಾತಿಲ್ಲ. ಏನಾದರೂ ಕೇಳಬೇಕಾದರೆ ನಾನು ಪಾತ್ರೆಯನ್ನು ಕೇಳುತ್ತಿದ್ದೆ: "ಏ ಸಾರೇ, ನಿನಗ ಉಪ್ಪು ಬಿದ್ದದೇನು?" ಮಲ್ಕಮ್ಮಕ್ಕ ಸೌಟಿಗೆ ಹೇಳುತ್ತಿದ್ದರು: "ಸೌಟೇ, ಬಿದ್ದದ ಅಂತ ಹೇಳಾಕಿಗಿ." ಹಮೀದಾ ಅಕ್ಕ ಹಣೆ ಚಚ್ಚಿಕೊಂಡು, "ಯಾ ಅಲ್ಲಾ, ನಿಮ್ಮಿಬ್ಬರ ನಡುವ ನಾ ಟಪಾಲಿನಾಕಿ ಆಗೀನ್ರೀ" ಅನ್ನುತ್ತಿದ್ದರು.

ನಮ್ಮ ಸಮಾಜದ ಪದ್ಧತಿ ನಿಮಗೆ ಗೊತ್ತು. ಹೊಸ ವರ್ಷದ ದಿನ, ಯಾರ ಮೇಲೆ ಮುನಿಸಿದೆಯೋ ಅವರಿಗೆ ಒಂದು ಚೀಟಿ. ಮೊದಲ ಭಾನುವಾರ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದೊಳಗೆ ಉತ್ತರ ಕೊಡಬೇಕು. ಉತ್ತರ ಕೊಡದವರು ಆ ಭೋಜನದ ಮೇಜಿನ ಹತ್ತಿರ ಬರಬಾರದು.

ಈ ಸಲ ಒಂದನೇ ತಾರೀಖು ಹಮೀದಾ ಅಕ್ಕ ನನ್ನ ಕೈಗೆ ಚೀಟಿ ಕೊಟ್ಟರು. ಮಲ್ಕಮ್ಮಕ್ಕನ ಅಕ್ಷರ, ಬೆಂಡೆಕಾಯಿ ಹೆಚ್ಚಿದ ಹಾಗೆ ಬಿಡಿ ಬಿಡಿ. ಓದುತ್ತೇನೆ —

"ಹೀರಾ, ಅವತ್ತು ರೊಟ್ಟಿ ಆರಿದ್ರ ಆರ್ಲಿ ಅಂತ ಬಿಡಬೇಕಿತ್ತು. ನಗಿಸಿದ್ದು ನಂದೇ ತಪ್ಪು. ಈ ವರ್ಷ ಪ್ರಾರ್ಥನಿ ನೀನೇ ಮಾಡು. ಎಷ್ಟು ಉದ್ದ ಬೇಕೋ ಅಷ್ಟು ಮಾಡು."

ಅಷ್ಟೇ.

ಅವತ್ತು ಸಂಜೆಯೇ ಉತ್ತರ ಬರೆದೆ. ಎರಡು ಸಾಲು. ಕೊಟ್ಟಿದ್ದರೆ ಮುಗಿಯುತ್ತಿತ್ತು, ಅವರ ಮನೆ ನಮ್ಮ ಮನೆಯಿಂದ ನಾಲ್ಕನೆಯದು. ಕೊಡಲಿಲ್ಲ. ಶುಕ್ರವಾರ ಉಪವಾಸ ಮಾಡಿ ಮನಸ್ಸು ತೊಳೆದುಕೊಂಡು ಕೊಡೋಣ ಎಂದುಕೊಂಡೆ. ಅದು ಹೊರಗಿನ ಮಾತು. ಒಳಗಿನ ಮಾತು ಬೇರೆ — ಭಾನುವಾರ ಚರ್ಚಿನ ಇದೇ ಬಾಗಿಲಲ್ಲಿ, ನೀವೆಲ್ಲ ನೋಡುವಾಗ ಕೊಡಬೇಕು ಅಂತ. ಹೀರಾಬಾಯಿ ಎಷ್ಟು ದೊಡ್ಡ ಮನಸ್ಸಿನವಳು ಅಂತ ನಾಲ್ಕು ಜನ ಅನ್ನಲಿ ಅಂತ. ನಗಿಸಿದ್ದು ನಾಲ್ಕು ಜನರ ಮುಂದೆ ಅಲ್ಲವೇ, ಕ್ಷಮಿಸುವುದೂ ನಾಲ್ಕು ಜನರ ಮುಂದೆಯೇ ಆಗಲಿ ಅಂತ. ಚೀಟಿಯನ್ನು ಹಿಟ್ಟಿನ ಡಬ್ಬಿಯ ಕೆಳಗಿಟ್ಟೆ.

ಆ ಶುಕ್ರವಾರ ಶಾಲೆಯ ಅಡುಗೆ ಕೋಣೆಯಲ್ಲಿ ಮಲ್ಕಮ್ಮಕ್ಕ ಸೌಟನ್ನು ಕೇಳಿದರು: "ಸೌಟೇ, ಟಪಾಲು ಬಂತೇನು?"

ನಾನು ಮುಖ ಎತ್ತದೆ ಅಂದೆ: "ಸೌಟಿಗಿ ಸ್ವಲ್ಪ ತಾಳ್ಮಿ ಇರ್ಲಿ."

ಅವರು ನಕ್ಕರು. "ಇರ್ಲಿ ಬಿಡು," ಅಂದರು — ಸೌಟಿಗಲ್ಲ, ನನಗೇ. ವರ್ಷದ ಮೇಲೆ ನನಗೇ ಆಡಿದ ಮೊದಲ ಮಾತು. ಅದೇ ಕೊನೆಯದೂ ಆಯಿತು. ಶನಿವಾರ ಬೆಳಿಗ್ಗೆ ಅಕ್ಕಿ ತೊಳೆಯುತ್ತಾ ಕುಸಿದರು. ಕಲಬುರಗಿ ಆಸ್ಪತ್ರೆ ಮುಟ್ಟುವ ಮೊದಲೇ ಹೋದರು.

ಭಾನುವಾರ ನಾನು ಭೋಜನದ ಮೇಜಿಗೆ ಹೋಗಲಿಲ್ಲ. ಜ್ವರ ಅಂದೆ. ಧರ್ಮಣ್ಣನವರೇ, ಜ್ವರ ಇರಲಿಲ್ಲ.

ನಾನು ಮೂವತ್ತು ವರ್ಷದಿಂದ ಉಪವಾಸ ಮಾಡುತ್ತಾ ಬಂದವಳು. ಹೊಟ್ಟೆ ಖಾಲಿ ಇಟ್ಟರೆ ದೇವರು ಬಂದು ಕೂರುತ್ತಾನೆ ಅಂತ ನಂಬಿದವಳು. ಹೊಟ್ಟೆ ಖಾಲಿ ಇತ್ತು, ಎದೆ ತುಂಬ ನಾನೇ ಇದ್ದೆ. ಅವನು ಎಲ್ಲಿ ಕೂರಬೇಕು? ಕ್ಯಾಲೆಂಡರ್ ಬದಲಿಸಿದ ಮಾತ್ರಕ್ಕೆ ವರ್ಷ ಹೊಸದಾಗುವುದಿಲ್ಲ, ತಾಯಂದಿರೇ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇಂಥ ಚೀಟಿ ಇದ್ದರೆ, ಒಳ್ಳೆಯ ದಿನ ನೋಡಬೇಡಿ, ಜನ ಸೇರಲಿ ಅಂತ ಕಾಯಬೇಡಿ. ಇವತ್ತೇ ಹೋಗಿ ಕೊಡಿ. ಕಾಲಲ್ಲಿ ಚಪ್ಪಲಿ ಇಲ್ಲದಿದ್ದರೂ ಹೋಗಿ.

ಈಗ ಮಲ್ಕಮ್ಮಕ್ಕನ ನೆನಪಿಗೆ ಎಲ್ಲರೂ ಎದ್ದು ನಿಲ್ಲೋಣ. ಭಾಗ್ಯಜ್ಯೋತಿ, ನೀನು ಮುಂದೆ ಬಾ ತಾಯಿ. ನಿಮ್ಮ ಅವ್ವ ನನಗೆ ಉದ್ದ ಪ್ರಾರ್ಥನೆಗೆ ಅಪ್ಪಣೆ ಕೊಟ್ಟಿದ್ದಾರೆ. ಇವತ್ತು ನಾನು ಒಂದು ಮಾತೂ ಆಡುವುದಿಲ್ಲ. ಸುಮ್ಮನೆ ನಿಲ್ಲೋಣ — ನಿಮಿಷ ನೋಡುವುದು ಬೇಡ, ಟಪಾಲು ಬರುವ ತನಕ.

ಹಮೀದಾ ಅಕ್ಕ, ಇನ್ನೊಂದೇ ಸಲ. ನಮ್ಮ ಮನೆಗೆ ಬೀಗ ಇಲ್ಲ. ಹಿಟ್ಟಿನ ಡಬ್ಬಿ ಎತ್ತಿ, ಕೆಳಗೆ ಇದೆ. ನನ್ನ ಉತ್ತರ ತಂದು ಈ ಮಗಳ ಕೈಗೆ ಕೊಡಿ.