ಅಜ್ಜಿ ಕೂಗಿದ ಮಾತು

ಕಣ್ಣಾಸ್ಪತ್ರೆಯಲ್ಲಿ ಔಷಧದ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ದರ್ಜಿ ಹೆಂಗಸಿಗೆ ಪಕ್ಕದ ಬೆಂಚಿನ ಮಾತು ತಾನಾಗಿ ಕಿವಿಗೆ ಬಿತ್ತು. ಯುದ್ಧದ ದೆಸೆಯಿಂದ ದೇಶ ಬಿಟ್ಟು ಬಂದ ಚಿಕ್ಕಮ್ಮ, ಅಕ್ಕನ ಮಗಳು. ಆ ಅಕ್ಕನ ಮಗಳು ತಾವು ಓಡಿಬಂದ ಕಥೆಯನ್ನೇ ಇಲ್ಲಿನ ಭಾಷೆಯಲ್ಲಿ ಕಾದಂಬರಿ ಮಾಡಿದ್ದಳು.

“ಚಿಕ್ಕಮ್ಮ, ಬಾಂಬು ಬಿದ್ದ ದಿನ ಅಜ್ಜಿ ನಮ್ಮನ್ನ ಏನಂತ ಕೂಗಿದ್ರು?”

“‘ಓಡಿ ಮಕ್ಕಳೇ, ತಿರುಗಿ ನೋಡ್ಬೇಡಿ’ ಅಂತ. ನೀನೇ ಬರ್ದಿದೀಯಲ್ಲೇ.”

“ಅದು ಈ ಭಾಷೇಲಿ. ನಮ್ಮ ಭಾಷೇಲಿ ಹೇಳು, ನಾನಾಗ ಚಿಕ್ಕೋಳು, ನಂಗೆ ನೆನಪಿಲ್ಲ. ಪುಸ್ತಕ ಮತ್ತೆ ಅಚ್ಚಾಗ್ತಿದೆ, ಅಜ್ಜಿ ಮಾತು ಅವ್ರು ಆಡಿದ ಹಾಗೇ ಇರ್ಲಿ.”

ಚಿಕ್ಕಮ್ಮ ಒಂದು ಶಬ್ದ ಶುರು ಮಾಡಿ ಅರ್ಧಕ್ಕೇ ಬಿಟ್ಟಳು.

“ಬಾಯಿಗೇ ಬರ್ತಿಲ್ಲ ಕಣೇ. ನಿನ್ನ ಪುಸ್ತಕ ಓದಿಸ್ಕೊಂಡು ಓದಿಸ್ಕೊಂಡು, ಈಗ ಅಮ್ಮ ಕನಸಲ್ಲೂ ಈ ಭಾಷೇಲೇ ಕೂಗ್ತಾಳೆ.”

“ನಾನು ಬರೀಲೇಬಾರದಿತ್ತೇನೋ.”

“ಹಾಗನ್ಬೇಡ. ನೀನು ಬರೀದಿದ್ರೆ ಅಮ್ಮ ಅನ್ನೋಳೊಬ್ಳು ಇದ್ಲು ಅಂತ ಇಲ್ಲಿ ಯಾರಿಗೆ ಗೊತ್ತಾಗ್ತಿತ್ತು? ಆದ್ರೆ ಬರೆಯೋ ಮೊದ್ಲು ನನ್ನನ್ನೊಂದು ಮಾತು ಕೇಳ್ಬೇಕಿತ್ತು. ಆಗ ನೆನಪಿತ್ತು.”

ನರ್ಸ್ ಅವರಿಬ್ಬರನ್ನು ಒಳಗೆ ಕರೆದಳು. ದರ್ಜಿ ಹೆಂಗಸು ಕಣ್ಣು ಬಿಟ್ಟಾಗ ಎರಡು ಬೆನ್ನುಗಳು ಮಸುಕಾಗಿ ಕಂಡವು. ಚಿಕ್ಕಮ್ಮ ನಡೆಯುತ್ತಲೇ ಯಾವುದೋ ಭಾಷೆಯ ಒಂದೊಂದು ಶಬ್ದವನ್ನು ಆಡಿ ನೋಡುತ್ತಿದ್ದಳು. ಪ್ರತಿ ಸಲವೂ ತಲೆಯಾಡಿಸಿ, “ಊಹೂಂ, ಇದಲ್ಲ” ಎನ್ನುತ್ತಿದ್ದಳು.